ಮೂಲ ಫೈಲಿಗೆ ಕೈ ಹಚ್ಚದೆ ಸರ್ವಿಸ್ ತಿದ್ದಿದ್ದು

"ಎರಡು ಸಾಲಿಗಾಗಿ ಬೇರೆ ಡೈರೆಕ್ಟರಿ, ಬೇರೆ ಫೈಲ್ ಏಕೆ? ಮೂಲದಲ್ಲೇ ತಿದ್ದಿ ಮುಗಿಸಿ" ಎಂದು ನಮ್ಮ ತಂಡದ ಹಿರಿಯರೊಬ್ಬರು ನಕ್ಕಿದ್ದರು. ಮಾತು ಸಿಸ್ಟಮ್‌ಡಿಯದು: ಲಿನಕ್ಸ್ ಸರ್ವರಿನ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳನ್ನು, ಅಂದರೆ ಸರ್ವಿಸುಗಳನ್ನು, ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ.

ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ. ಪ್ಯಾಕೇಜ್ ತಂದಿಟ್ಟ ಯೂನಿಟ್ ಫೈಲನ್ನೇ (ಸರ್ವಿಸ್ ಹೇಗೆ ಓಡಬೇಕೆಂದು ಹೇಳುವ ಫೈಲ್) ತೆರೆದು, ಡೇಟಾಬೇಸಿನ ತೆರೆದ ಫೈಲುಗಳ ಮಿತಿಯನ್ನು 65536ಕ್ಕೆ ಏರಿಸಿದ್ದೆ. ಸುಮಾರು ಮೂರು ತಿಂಗಳ ನಂತರದ ಅಪ್‌ಗ್ರೇಡ್ ಆ ಸಾಲನ್ನು ಗುಡಿಸಿ ಹಾಕಿತು. ಮಿತಿ ಮತ್ತೆ 1024. ಪ್ರತಿ ಸಂಪರ್ಕವೂ ಒಂದು ತೆರೆದ ಫೈಲಿನ ಲೆಕ್ಕ; ನಡುರಾತ್ರಿ ಸಂಪರ್ಕಗಳು ಉದುರತೊಡಗಿದವು. ನಾನೋ ಬಳಕೆದಾರರ ಮಿತಿಗಳನ್ನು ಬರೆದಿಡುವ ಲಿಮಿಟ್ಸ್ ಫೈಲನ್ನು ತಿದ್ದುತ್ತಾ ಎರಡು ಗಂಟೆ ಕಳೆದೆ. ಅದು ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಮೂಲಕ ಲಾಗಿನ್ ಆಗುವವರಿಗೆ, ಸಿಸ್ಟಮ್‌ಡಿ ಎಬ್ಬಿಸುವ ಸರ್ವಿಸಿಗಲ್ಲ ಎಂಬುದು ನಿದ್ದೆಗಣ್ಣಿಗೆ ಹೊಳೆಯಲಿಲ್ಲ. ಗ್ರಾಹಕರು ಆ ತಿಂಗಳ ಬಿಲ್ಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಡಿದರು. ಬೋನಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಡ್ರಾಪ್-ಇನ್ ಹಿಡಿದೆ: ಮೂಲ ಫೈಲ್ ಹಾಗೇ ಇರುತ್ತದೆ, ಬದಲಿಸುವ ಸಾಲುಗಳಷ್ಟೇ ಬೇರೆ ಡೈರೆಕ್ಟರಿಯ ಪುಟ್ಟ ಫೈಲಿನಲ್ಲಿ. ಅದೂ ಮೊದಲ ದಿನವೇ ಒಲಿಯಲಿಲ್ಲ. ಎಕ್ಸೆಕ್‌ಸ್ಟಾರ್ಟ್ (ಯಾವ ಕಮಾಂಡ್ ಓಡಿಸಬೇಕೆಂದು ಹೇಳುವ ಸಾಲು) ಬದಲಿಸಲು ಹೊಸ ಸಾಲು ಬರೆದರೆ, ಅದು ಹಳೆಯದರ ಪಕ್ಕದಲ್ಲೇ ಕುಳಿತು ಸರ್ವಿಸ್ ಏಳಲೇ ಇಲ್ಲ. ಮೇಲೊಂದು ಖಾಲಿ ಎಕ್ಸೆಕ್‌ಸ್ಟಾರ್ಟ್ ಹಾಕಿ ಹಳೆಯದನ್ನು ಅಳಿಸಬೇಕು. ಅದೇ ಉಪಾಯವನ್ನು, ಯಾವುದರ ನಂತರ ಏಳಬೇಕೆಂದು ಹೇಳುವ ಆಫ್ಟರ್ ಸಾಲಿನ ಮೇಲೆ ಪ್ರಯೋಗಿಸಿ ಸೋತೆ: ಅವಲಂಬನೆಗಳು ಖಾಲಿ ಸಾಲಿಗೆ ಬಗ್ಗುವುದಿಲ್ಲ. ಅಂಥಲ್ಲಿ ಮಾತ್ರ ಇಡೀ ಯೂನಿಟ್ಟನ್ನು ನಮ್ಮ ಸೆಟ್ಟಿಂಗುಗಳಿಗೆಂದೇ ಇರುವ ಇಟಿಸಿ ಡೈರೆಕ್ಟರಿಗೆ ನಕಲಿಸುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಕೈಯಾರೆ ಫೈಲ್ ಬರೆದು, ಅದನ್ನು ಸಿಸ್ಟಮ್‌ಡಿಗೆ ಮತ್ತೆ ಓದಿಸುವ ಡೀಮನ್-ರೀಲೋಡ್ ಮರೆತದ್ದು ಎಷ್ಟು ಸಲವೋ; ಈಗ ಅದನ್ನೂ ತಾನೇ ಮಾಡುವ ಸಿಸ್ಟಮ್‌ಸಿಟಿಎಲ್ ಎಡಿಟ್ ಬಿಟ್ಟು ಬೇರೆ ದಾರಿ ತುಳಿಯುವುದಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಬೇಕೆಂದೇ ಸಾಯುವ ಸರ್ವಿಸಿಗೆ, ಸತ್ತಾಗಲೆಲ್ಲ ಮತ್ತೆ ಎಬ್ಬಿಸುವ ರೀಸ್ಟಾರ್ಟ್ ಆಲ್ವೇಸ್ ಕೊಟ್ಟೆ. ಹತ್ತು ಸೆಕೆಂಡಿನಲ್ಲಿ ಐದು ಸಲ ಎಂಬ ಮಿತಿ ಮುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸುಮ್ಮನಾಯಿತು. ನಡುವಿನ ಬಿಡುವನ್ನು 5 ಸೆಕೆಂಡಿಗೆ ಏರಿಸಿದೆ. ಮಿತಿ ಮುಟ್ಟಲೇ ಇಲ್ಲ, ಎದ್ದು ಬೀಳುತ್ತಾ ಇಡೀ ರಾತ್ರಿ ಲಾಗ್ ತುಂಬಿಸಿತು.

ಎಸ್‌ಎಸ್‌ಎಚ್ ಮುಟ್ಟುವಾಗ ಮಾತ್ರ ಎದೆ ಡವಡವ: ದೂರದ ಸರ್ವರಿಗೆ ಒಳಹೋಗುವ ದಾರಿಯೇ ಅದು, ಕೆಟ್ಟರೆ ನಾನೇ ಹೊರಗೆ. ಸೆಟ್ಟಿಂಗಿನಲ್ಲಿ ತಪ್ಪಿದೆಯೇ ಎಂದು ನೋಡಲು ಎಸ್‌ಎಸ್‌ಎಚ್‌ಡಿ ಹೈಫನ್ ಟಿ ಓಡಿಸುತ್ತೇನೆ, ಇನ್ನೊಂದು ಸೆಷನ್ ತೆರೆದೇ ಇಟ್ಟಿರುತ್ತೇನೆ. ಅದರ ಮೇಲೆ ಹತ್ತು ನಿಮಿಷದಲ್ಲಿ ಹಳೆಯದನ್ನು ತಾನಾಗಿ ಮರಳಿಸುವ ಪುಟ್ಟ ಸ್ಕ್ರಿಪ್ಟ್ ಒಂದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಚ್ಚುವುದಿಲ್ಲ.

ಕಳೆದ ದೊಡ್ಡ ಅಪ್‌ಗ್ರೇಡ್‌ನಲ್ಲಿ ಸುಮಾರು 40 ಸರ್ವರ್‌ಗಳು ಒಟ್ಟಿಗೆ ಹೊಸ ಆವೃತ್ತಿಗೆ ಹೋದವು. ಬೆಳಗ್ಗೆ, ಮೂಲದ ಮೇಲೆ ಏನೇನು ತಿದ್ದಿದೆ ಎಂದು ತೋರಿಸುವ ಸಿಸ್ಟಮ್‌ಡಿ-ಡೆಲ್ಟಾ ಓಡಿಸಿದೆ. ನನ್ನ ತಿದ್ದುಪಡಿಗಳೆಲ್ಲ ಇಟ್ಟಲ್ಲೇ ಇದ್ದವು. ಹಿರಿಯರು ಪಕ್ಕದ ಕುರ್ಚಿ ಎಳೆದುಕೊಂಡು, "ಆ ಖಾಲಿ ಸಾಲು ಎಲ್ಲಿ ಹಾಕಬೇಕು ಎಂದಿರಿ?" ಎಂದು ಕೇಳಿದರು.