ಮಣೆ ತಟ್ಟಿದರೆ ಬೆಣ್ಣೆಗೆ ಗೊತ್ತಾಗುತ್ತದೆ

ಮೊದಲೆಲ್ಲ ಕುಕ್ಕರ್ ಸೀಟಿ ಹೊಡೆದರೆ ನಮ್ಮ ಮೊಲ ಬೆಣ್ಣೆ ಹಿಂಗಾಲನ್ನು ನೆಲಕ್ಕೆ ಧಪ್ ಅಂತ ಬಡಿಯುತ್ತಿದ್ದ. ಅಪಾಯ ಬಂತು ಅಂತ ಜೊತೆಯವರಿಗೆ ಮೊಲಗಳು ಹೇಳುವುದೇ ಹಾಗೆ. ನಮ್ಮನೆಯಲ್ಲಿ ಬೇರೆ ಮೊಲ ಇಲ್ಲ, ಹಾಗಾಗಿ ನನಗೇ ಹೇಳುತ್ತಿದ್ದ. ಒಂದು ದಿನ ಮೂರು ಸೀಟಿ ಆದರೂ ಸುಮ್ನೆ ಮಲಗಿದ್ದ. ರೂಢಿಯಾಯ್ತು ಅಂದುಕೊಂಡೆ. ಆ ದೀಪಾವಳಿಗೆ ಬೀದಿಯ ಹುಡುಗರು ನಮ್ಮ ಗೇಟಿನ ಮುಂದೆಯೇ ಸರಪಟಾಕಿ ಹಚ್ಚಿದರು. ಇವನು ಗರಿಕೆ ಮೆಲ್ಲುವುದನ್ನೂ ನಿಲ್ಲಿಸಲಿಲ್ಲ. ಆಗ ನನಗೆ ಎದೆ ಧಸಕ್ ಅಂತು.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಬೆಣ್ಣೆಗೆ ಈಗ 8 ವರ್ಷ. ದೋಸೆಯ ನೆನಪಲ್ಲಿ ಮಗ ಇಟ್ಟ ಹೆಸರು ಅದು. ಬಿಳಿ ಮೈ, ಕೆಂಪು ಕಣ್ಣು. ಕೆಂಪು ಕಣ್ಣಿನ ಬಿಳಿ ಮೊಲಗಳಿಗೆ ದೃಷ್ಟಿ ಮೊದಲೇ ಮಂದ, ತಲೆಯನ್ನು ಆಚೆ ಈಚೆ ತೂಗುತ್ತಾ ನೋಡುತ್ತವೆ. ಇದು ಗೊತ್ತಿಲ್ಲದೆ, ಮಶೀನಿನ ಸದ್ದಿಗೆ ತಲೆದೂಗ್ತಾನೆ ಅಂತ ನಾವು ನಗುತ್ತಿದ್ದೆವು. ಆಮೇಲೆ ಕಣ್ಣಿನ ನಡುವೆ ಹಾಲಿನ ಹನಿ ಬಿದ್ದಂತೆ ಬಿಳುಪು ಕಂಡಿತು. ಪೊರೆ ಬಂದಿತ್ತು.

ಕಿವಿ ಹೋದದ್ದರಲ್ಲಿ ನನ್ನದೇ ತಪ್ಪು ಜಾಸ್ತಿ. ಚಿಕ್ಕವನಿದ್ದಾಗ ಕಿವಿಯೊಳಗೆ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಅದು ಕಿವಿ ಹುಳದ ಕಾಟ. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಿಡುತ್ತಾ ಕೂತೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಒಳಗೆ ಕೀವಾಗಿತ್ತು. ಮೊಲದ ಕೀವು ಸೋರಿ ಹೋಗುವುದಿಲ್ಲ, ಗಟ್ಟಿ ಮೊಸರಿನ ಹಾಗೆ ಒಳಗೇ ಕೂರುತ್ತದೆ. ಐವರ್‌ಮೆಕ್ಟಿನ್ ಇಂಜೆಕ್ಷನ್‌ಗೆ ಹುಳ ಹೋದವು, ಕಿವಿ ಮಾತ್ರ ಪೂರ್ತಿ ಸರಿಯಾಗಲಿಲ್ಲ. ಆಗಲೇ ಒಂದು ಔಷಧಿ ಅಂಗಡಿಯಲ್ಲಿ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಕುಡಿಸಿ ಅಂದಿದ್ದರು. ಪುಣ್ಯಕ್ಕೆ ಕುಡಿಸಲಿಲ್ಲ. ಬಾಯಿ ಮೂಲಕ ಅದು ಹೋದರೆ ಮೊಲದ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮೊಲದ ಜೀವಕ್ಕೇ ಬರುತ್ತದೆ. ನಾಯಿಗೆ ಚಿಗಟಕ್ಕೆ ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ.

ಕಣ್ಣು ಕಿವಿ ಎರಡೂ ಹೋದ ಮೇಲೆ ದೊಡ್ಡ ಕಷ್ಟ ಅಂದರೆ ಬೆಚ್ಚಿಬೀಳುವುದು. ಮೊಲ ಎಂದರೆ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವ. ತಿಳಿಸದೆ ಬೆನ್ನು ಮುಟ್ಟಿದರೆ ಅದಕ್ಕೆ ಹದ್ದು ಎರಗಿದ ಹಾಗೆಯೇ. ಒಮ್ಮೆ ಹಿಂದಿನಿಂದ ಎತ್ತಿಕೊಳ್ಳಲು ಹೋದೆ. ಎಷ್ಟು ಜೋರಾಗಿ ಒದ್ದನೆಂದರೆ ಕೈಯಿಂದ ಜಾರಿದ. ಹಾಗೆ ಒದ್ದಾಡುವಾಗ ಮೊಲದ ಬೆನ್ನುಮೂಳೆ ಮುರಿಯುವುದೂ ಉಂಟು. ಆವತ್ತಿನಿಂದ ನಾನು ನೆಲಕ್ಕೆ ಕೂತೇ ಎತ್ತುತ್ತೇನೆ, ಒಂದು ಕೈ ಎದೆಗೆ, ಇನ್ನೊಂದು ಹಿಂಭಾಗಕ್ಕೆ ಕೊಟ್ಟು.

ಬರುತ್ತಿದ್ದೇನೆ ಅಂತ ಅವನಿಗೆ ಹೇಳುವುದು ಹೇಗೆ? ಕಿವುಡು ಪ್ರಾಣಿಗೆ ನೆಲ ತಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅಂಗೈ ಉರಿಯುವಷ್ಟು ತಟ್ಟಿದೆ. ಅವನಿಗೆ ಏನೂ ಗೊತ್ತಾಗಲಿಲ್ಲ. ಮಣ್ಣಿನ ಮೇಲೆ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಿದ ನೆಲ ಅಲ್ವಾ, ಅದು ಅಲುಗುವುದೇ ಇಲ್ಲ. ಆದರೆ ಇವನು ದಿನಾ ಮಶೀನಿನ ಕಾಲ ಹತ್ತಿರವೇ ಹೋಗಿ ಮಲಗುತ್ತಿದ್ದ, ಮೋಟಾರ್ ನಿಂತ ಕೂಡಲೇ ಮೂತಿ ಎತ್ತುತ್ತಿದ್ದ. ಮಶೀನ್ ಇರುವುದು ಒಂದು ಹಲಗೆಯ ಮೇಲೆ. ಅದನ್ನು ನೋಡಿಯೇ ಅಟ್ಟದಲ್ಲಿದ್ದ ನಮ್ಮಜ್ಜಿಯ ಊಟದ ಮಣೆ ನೆನಪಾಯಿತು. ತಂದು ಮೇಲೆ ಗೋಣಿಚೀಲ ಹಾಸಿ ಮಲಗಿಸಿದೆ. ಈಗ ಮಣೆಯ ಅಂಚನ್ನು ಬೆರಳಲ್ಲಿ ಎರಡು ಸಲ ತಟ್ಟುತ್ತೇನೆ. ಮೀಸೆ ಅಲುಗುತ್ತದೆ, ಮೂಗು ಬೇಗ ಬೇಗ ಆಡುತ್ತದೆ. ಆಮೇಲೆ ಕೈಯನ್ನು ಮೂಗಿನ ಮುಂದೆ ಹಿಡಿಯುತ್ತೇನೆ. ಮೂಸಿ ನೋಡಿದ ಮೇಲೆ ಎಡ ಭುಜ ಮುಟ್ಟುತ್ತೇನೆ. ಯಾವಾಗಲೂ ಎಡ ಭುಜವೇ. ಈರುಳ್ಳಿ ಹೆಚ್ಚಿದ ಕೈಯಾದರೆ ಮುಖ ತಿರುಗಿಸುತ್ತಾನೆ, ಆಗ ಒತ್ತಾಯ ಮಾಡುವುದಿಲ್ಲ.

ಓಡಾಟಕ್ಕೂ ಗೋಣಿಚೀಲವೇ ದಾರಿ. ಮಣೆಯಿಂದ ಹುಲ್ಲಿನ ಬುಟ್ಟಿಯವರೆಗೆ ಗೋಣಿ, ಅಲ್ಲಿಂದ ಕಕ್ಕಸಿನ ಟಬ್ಬಿನವರೆಗೆ ತೆಂಗಿನ ನಾರಿನ ಮ್ಯಾಟ್. ಕಾಲಿಗೆ ಸಿಕ್ಕಿದ್ದರ ಮೇಲೇ ಎಲ್ಲಿದ್ದೇನೆ ಅಂತ ತಿಳಿಯುತ್ತಾನೆ. ಗೋಣಿಯ ಅಂಚನ್ನು ಮಡಚಿ ಹೊಲಿದಿದ್ದೇನೆ, ಎಳೆ ಬಿಟ್ಟರೆ ತಿಂದುಬಿಡುತ್ತಾನೆ. ದರ್ಜಿ ಮನೆಯಲ್ಲಿ ನೂಲಿಗೇನು ಬರ! ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ನುಂಗಿದ್ದು ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಕಷ್ಟ. ಅದಕ್ಕೇ ದಿನಕ್ಕೆರಡು ಸಲ ಕಸ ಹೊಡೆಯುತ್ತೇನೆ. ನೀರಿಗೆ ಭಾರದ ಪಿಂಗಾಣಿ ಬಟ್ಟಲು, ಎಡವಿದರೂ ಉರುಳದಂಥದ್ದು.

ಇಷ್ಟೆಲ್ಲ ಮಾಡಿ ಯುಗಾದಿಗೆ ಎಡವಟ್ಟು ಮಾಡಿಕೊಂಡೆ. ಮನೆ ಕ್ಲೀನ್ ಮಾಡುವಾಗ ಗೋಣಿ, ಹಾಸಿಗೆ ಎಲ್ಲವನ್ನೂ ಒಟ್ಟಿಗೆ ಒಗೆದು, ಮಣೆಯನ್ನು ಇನ್ನೊಂದು ಗೋಡೆಗೆ ಇಟ್ಟೆ. ಮೊಲ ಗದ್ದ ಉಜ್ಜಿ ಎಲ್ಲದಕ್ಕೂ ತನ್ನ ವಾಸನೆ ಹಚ್ಚಿಟ್ಟಿರುತ್ತದೆ. ಆ ವಾಸನೆಯೂ ಇಲ್ಲ, ಜಾಗವೂ ಬೇರೆ. ಮಶೀನಿನ ಕಬ್ಬಿಣದ ಕಾಲಿಗೆ ಮೂತಿ ಹೊಡೆದುಕೊಂಡ. ಮೂಲೆ ಸೇರಿದವನು ಹುಲ್ಲು ಮುಟ್ಟಲಿಲ್ಲ. ಸಂಜೆ ಟಬ್ ನೋಡಿದರೆ ಒಂದು ಹಿಕ್ಕೆಯೂ ಇಲ್ಲ. ಮೊಲ ಅರ್ಧ ದಿನ ಉಪವಾಸ ಇದ್ದರೆ ಕರುಳು ನಿಂತುಬಿಡಬಹುದು, ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ. ಮೊದಲು ಹೋದ ಕಡೆ, "ಮುದಿ ಮೊಲ ತಾನೇ ಅಕ್ಕಾ, ಇನ್ನೊಂದು ತಗೊಳ್ರಿ" ಅಂದರು. ಹಬ್ಬದ ದಿನ ಜಗಳ ಯಾಕೆ ಅಂತ ಎದ್ದು ಬಂದೆ. ಎರಡನೇ ಡಾಕ್ಟ್ರು ಚರ್ಮದಡಿ ಸಲೈನ್ ಕೊಟ್ಟು, ನೋವಿಗೂ ಕರುಳಿಗೂ ಇಂಜೆಕ್ಷನ್ ಹಾಕಿದರು. ರಾತ್ರಿಯೆಲ್ಲ ಸಿರಿಂಜಿನಲ್ಲಿ ಸೊಪ್ಪಿನ ರಸ ಕುಡಿಸಿದೆ. ಬೆಳಗಿನ ಜಾವ ಸಾಸಿವೆಗಿಂತ ಸ್ವಲ್ಪ ದಪ್ಪದ ನಾಲ್ಕು ಹಿಕ್ಕೆ ಬಿದ್ದವು. ಹಬ್ಬದ ಹೋಳಿಗೆ ತಿಂದಷ್ಟು ಖುಷಿಯಾಯಿತು. ಆಮೇಲಿಂದ ಹಾಸಿಗೆಯನ್ನು ಅರ್ಧ ಈ ವಾರ, ಅರ್ಧ ಮುಂದಿನ ವಾರ ಒಗೆಯುತ್ತೇನೆ.

ತಿನ್ನಲು ಹುಲ್ಲೇ ಮುಖ್ಯ. ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ, ಸವೆಯಬೇಕು. ಗರಿಕೆಯನ್ನು ಟೆರೇಸ್ ಮೇಲೆ ನೆರಳಲ್ಲಿ ಒಣಗಿಸಿಡುತ್ತೇನೆ. ಭದ್ರಾ ನಾಲೆಯ ಪಕ್ಕ ಬೇಕಾದಷ್ಟು ಸಿಗುತ್ತದೆ, ಆದರೆ ಭತ್ತದ ಗದ್ದೆಗೆ ಔಷಧಿ ಹೊಡೆದಿರುತ್ತಾರೆ ಅಂತ ನಾನು ತರುವುದಿಲ್ಲ. ಮನೆಗೆ ಬಂದವರು ಪ್ರೀತಿಯಿಂದ ಮಂಡಕ್ಕಿ ಹಾಕಲು ನೋಡುತ್ತಾರೆ. ನಮ್ಮೂರಲ್ಲಿ ಅದನ್ನು ಬೇಡ ಅನ್ನುವುದೇ ಒಂದು ಕೆಲಸ. ಏಪ್ರಿಲ್ ಬಿಸಿಲಿಗೆ ಬಾಟಲಿಯಲ್ಲಿ ಐಸ್ ಕಟ್ಟಿಸಿ, ಬಟ್ಟೆ ಸುತ್ತಿ ಮಣೆಯ ಬಲಕ್ಕೆ ಇಡುತ್ತೇನೆ. ಮೊಲಕ್ಕೆ ಬೆವರು ಬರುವುದಿಲ್ಲ, ಕಾವು ಹೆಚ್ಚಾಗಿ ಹೊರಹೋಗುವುದು ಕಿವಿಯಿಂದ. ಕೇಳದಿದ್ದರೂ ಆ ಕೆಲಸವನ್ನು ಕಿವಿ ಬಿಟ್ಟಿಲ್ಲ.

ಹೋದ ತಿಂಗಳು ಹರಿಹರಕ್ಕೆ ಮದುವೆಗೆ ಹೋಗಬೇಕಿತ್ತು. ಪಕ್ಕದ ಮನೆ ಹುಡುಗಿಗೆ ಎಲ್ಲ ಹೇಳಿಕೊಟ್ಟಿದ್ದೆ. ಮಧ್ಯಾಹ್ನ ಫೋನ್ ಬಂತು. "ಆಂಟಿ, ಎರಡು ಸಲ ತಟ್ಟಿದೆ, ಎದ್ದ. ಕೈ ಹಿಡಿದ್ರೆ ಮೂಲೆಗೆ ಓಡ್ತಾನೆ."

"ಕೈಗೆ ಏನ್ ಹಚ್ಚಿದೀಯೇ?"

"ಮೆಹಂದಿ."

ಮಶೀನಿನ ಮೇಲಿದ್ದ ನನ್ನ ಹಳೇ ರವಿಕೆಯನ್ನು ಕೈಗೆ ಸುತ್ತಿಕೊಳ್ಳಲು ಹೇಳಿದೆ. ಹತ್ತು ನಿಮಿಷಕ್ಕೆ ಫೋಟೋ ಬಂತು. ಬೆಣ್ಣೆ ರವಿಕೆಯ ತೋಳಿಗೆ ಗದ್ದ ಉಜ್ಜುತ್ತಿದ್ದ.