ಬುಧವಾರ ಬೇಯಿಸಿದ ಹಂದಿ, ಭಾನುವಾರದ ಈಸ್ಟರ್ ಊಟ

ನಮ್ಮ ಕುಟುಂಬದ ಈಸ್ಟರ್ ಊಟಕ್ಕೆ ಸುಮಾರು 60 ಜನ ಸೇರುತ್ತಾರೆ. ಉಡುಪಿ ಜಿಲ್ಲೆಯ ಶಿರ್ವದ ಮೂಲಮನೆ, ಅಂಗಳಕ್ಕೆ ಶಾಮಿಯಾನ. ಮುಂಬೈಯವರು, ಗಲ್ಫಿನವರು, ಕಿನ್ನಿಗೋಳಿಯ ನಾದಿನಿ ಮನೆಯವರು, ಅವರ ಹಿಂದೆ ಹೇಳದೇ ಬರುವ ಒಂದಿಬ್ಬರು ಗೆಳೆಯರು. 2025ರಲ್ಲಿ ಈ ಊಟವನ್ನು ಕೇಟರಿಂಗ್ ಇಲ್ಲದೆ, ಮನೆಯ ಹೆಂಗಸರು ಚರ್ಚಿನ ಒಂದು ಪೂಜೆಯನ್ನೂ ತಪ್ಪಿಸದೆ, ತಲೆಗೆ 350 ರೂಪಾಯಿ ದಾಟದ ಹಾಗೆ ಮಾಡಿ ಮುಗಿಸಿದ್ದೇನೆ. ಹಂದಿ ಬಫಾತನ್ನು (ಮಂಗಳೂರು ಕ್ಯಾಥೊಲಿಕರ ಖಾರ–ಹುಳಿ ಹಂದಿ ಪದಾರ್ಥ) ಬುಧವಾರವೇ ಬೇಯಿಸಿಡುವ ಅಂದಾಗ ಒಬ್ಬರೂ ಒಪ್ಪಿರಲಿಲ್ಲ. ಈಗ ಎಲ್ಲರೂ ಹೇಗೆ ಮಾಡಿದ್ದು ಅಂತ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

2023ರಲ್ಲಿ ಕೇಟರಿಂಗ್‌ನವರಿಗೆ ಕೊಟ್ಟಿದ್ದೆವು. ಪ್ಲೇಟಿಗೆ 500 ಚಿಲ್ಲರೆ, 70 ಪ್ಲೇಟಿಗಿಂತ ಕಡಿಮೆಯಾದರೆ ಬರುವುದಿಲ್ಲ ಅಂದರು. ಸಾಗಾಟ ಎಲ್ಲ ಸೇರಿ 38 ಸಾವಿರದ ಹತ್ತಿರ ಹೋಯಿತು. ಬಫಾತಿನಲ್ಲಿ ಎಲುಬೇ ಜಾಸ್ತಿ, ಮೇಲಿಂದ ಟೊಮೆಟೊ. ಬಫಾತಿಗೆ ಟೊಮೆಟೊ! ಮರುವರ್ಷ ಮನೆಗೊಂದು ಬಗೆ ತರುವುದು ಅಂತಾಯಿತು. ನಾಲ್ಕು ಮನೆಯಿಂದ ಚಿಕನ್ ಸುಕ್ಕ ಬಂತು. ಸಾನ್ನ (ಶೇಂದಿ ಹಾಕಿ ಉಬ್ಬಿಸುವ ಇಡ್ಲಿ) ತರುವವರು ತಲುಪುವಾಗ ಗಂಟೆ ಒಂದೂವರೆ, ಅಷ್ಟರಲ್ಲಿ ಮಕ್ಕಳೆಲ್ಲ ಬ್ರೆಡ್ ತಿಂದು ಹೊಟ್ಟೆ ತುಂಬಿಸಿಕೊಂಡಿದ್ದರು. ಪುಕ್ಕಟೆ ಅನಿಸಿದ ಆ ಊಟಕ್ಕೆ ಎಲ್ಲ ಮನೆಯ ಖರ್ಚು ಕೂಡಿಸಿ ನೋಡಿದರೆ ಕೇಟರಿಂಗ್‌ಗಿಂತ ಅಷ್ಟೇನೂ ಕಡಿಮೆ ಇರಲಿಲ್ಲ.

ಬುಧವಾರವೇ ಯಾಕೆ ಅಂದರೆ, ಆ ವಾರದಲ್ಲಿ ಖಾಲಿ ಇರುವುದು ಅದೊಂದೇ ಸಂಜೆ. ಗುರುವಾರ ಪಾದ ತೊಳೆಯುವ ವಿಧಿ, ಆರಾಧನೆ. ಶುಕ್ರವಾರ ಉಪವಾಸ, ಶಿಲುಬೆಯ ಹಾದಿ. ಶನಿವಾರ ರಾತ್ರಿ ಜಾಗರಣೆಯ ಪೂಜೆ: ಹೊಸ ಬೆಂಕಿ, ಪಾಸ್ಖ ಮೇಣದಬತ್ತಿ, ಒಂದರ ಹಿಂದೆ ಒಂದು ವಾಚನ, ನೀರಿನ ಆಶೀರ್ವಾದ. ಮನೆ ಮುಟ್ಟುವಾಗ ಹನ್ನೊಂದಾಗುತ್ತದೆ. ಆಮೇಲೆ ಯಾರು ಈರುಳ್ಳಿ ಹೆಚ್ಚುವುದು? ಶನಿವಾರ ಬೆಳಿಗ್ಗೆ ಹಂದಿ ಮಾಂಸದ ಅಂಗಡಿಗೆ ಹೋದರೆ ಸಾಲು ರಸ್ತೆಯವರೆಗೆ, ಕಿಲೋಗೆ 20–30 ರೂಪಾಯಿ ಜಾಸ್ತಿ, ಕೊಟ್ಟದ್ದನ್ನು ತರಬೇಕು. ಬುಧವಾರವಾದರೆ ತಪಸ್ಸು ಕಾಲ (ಈಸ್ಟರಿಗೆ ಮುಂಚಿನ 40 ದಿನದ ವ್ರತ) ಮುಗಿದಿರುವುದಿಲ್ಲ, ಅಂಗಡಿಯವನು ನೊಣ ಹೊಡೆಯುತ್ತಾ ಕೂತಿರುತ್ತಾನೆ. ತೊಗಲು, ಕೊಬ್ಬು, ಮಾಂಸ ಮೂರೂ ಇರುವ ಹೊಟ್ಟೆಯ ಭಾಗ, ಸ್ವಲ್ಪ ಭುಜ, ನಾವು ಹೇಳಿದ ಗಾತ್ರಕ್ಕೇ ಕತ್ತರಿಸಿ ಕೊಟ್ಟ. ಬಫಾತ್ ಎರಡು ಮೂರು ದಿನ ಕಳೆದರೆ ಇನ್ನೂ ರುಚಿ ಎನ್ನುವುದು ನಮ್ಮವರಿಗೆ ಹೊಸತೂ ಅಲ್ಲ.

ಆದರೆ ತಕರಾರು ಬೇರೆಯೇ ಇತ್ತು. ಅತ್ತೆ ಹೇಳಿದರು, "ಶುಭ ಶುಕ್ರವಾರ ಮನೆಯೊಳಗೆ ಹಂದಿಯ ಪಾತ್ರೆ ಇಟ್ಟುಕೊಂಡು ಉಪವಾಸ ಮಾಡುವುದು ಎಂತ ಚಂದ ಮಾರಾಯ್ತಿ?" ತಿನ್ನಬಾರದು ಅಂತ ಇರುವುದು, ಇಡಬಾರದು ಅಂತ ಅಲ್ಲ ಅಂದೆ, ಅದಕ್ಕೆ ಅವರು ಉತ್ತರ ಕೊಡದೆ ಜಪಸರ ತೆಗೆದುಕೊಂಡರು. ಗಂಡನ ಬಾಪ್ಪುಗೆ (ಚಿಕ್ಕಪ್ಪನಿಗೆ) ಹೆದರಿಕೆ ಹಾಳಾಗುವುದರದ್ದು. ಅವರ ಮನೆಯ ಒಂದು ಮದುವೆಯ ರೋಸಿನ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ದಿನ ದೊಡ್ಡ ಅಂಡೆಯಲ್ಲಿ ರಾತ್ರಿ ಬೇಯಿಸಿ ಮುಚ್ಚಿಟ್ಟ ಹಂದಿ ಬೆಳಿಗ್ಗೆ ನೊರೆ ಬಂದು ಹುಳಿ ವಾಸನೆ ಹೊಡೆದಿತ್ತು. ಸುಮಾರು 30 ಕಿಲೋ ಮಾಂಸ ಗುಂಡಿಗೆ ಹೋಯಿತು.

ಎರಡಕ್ಕೂ ಒಂದೇ ಮದ್ದು ಸಿಕ್ಕಿತು. ನಾದಿನಿಯ ಗಂಡ ಕೋಳಿ ಅಂಗಡಿ ಇಟ್ಟವರು. ತಪಸ್ಸು ಕಾಲದಲ್ಲಿ ಅವರ ಡೀಪ್ ಫ್ರೀಜರ್ ಅರ್ಧ ಖಾಲಿ. ಹಂದಿ ಅಲ್ಲಿಗೆ ಹೋದರೆ ಮನೆಯೊಳಗೆ ಮಾಂಸವೂ ಇಲ್ಲ, ಹಾಳಾಗುವ ಭಯವೂ ಇಲ್ಲ.

ಮಾಂಸ 18 ಕಿಲೋ. ಒಂದೇ ಆಳದ ಅಂಡೆಯಲ್ಲಿ ಹಾಕಿದರೆ ಅಡಿಯ ತುಂಡು ಗಂಜಿಯಾಗಿ ಮೇಲಿನದು ಹಸಿ ಉಳಿಯುತ್ತದೆ, ಆದ್ದರಿಂದ ಅಗಲದ ಎರಡು ಪಾತ್ರೆ, ತಲಾ 9 ಕಿಲೋ. ನೀರು ಒಂದು ಹನಿ ಹಾಕಲಿಲ್ಲ, ಎಣ್ಣೆಯೂ ಇಲ್ಲ. ಈರುಳ್ಳಿ ಮೂರೂವರೆ ಕಿಲೋ ಇರಬೇಕು, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ವಿನೆಗರ್, ಬಫಾತ್ ಪುಡಿ. ಪುಡಿಯ ಅಳತೆ ಕೇಳಬೇಡಿ, ಅದು ನನ್ನ ತವರಿನದ್ದು. ಬ್ಯಾಡಗಿ ಬಣ್ಣಕ್ಕೆ, ಖಾರಕ್ಕೆ ಬೇರೆ ಮೆಣಸು ಅಂತ ಮಾತ್ರ ಹೇಳುತ್ತೇನೆ.

ತೊಂದರೆ ಬಂದದ್ದು ಉಪ್ಪಿನದ್ದು. ನಮ್ಮ ಮನೆಯಲ್ಲಿ 40 ದಿನ ಮಾಂಸ ಮುಟ್ಟುವುದಿಲ್ಲ. 60 ಜನರ ಬಫಾತ್ ಬೇಯಿಸಿ ನಾಲಗೆಗೆ ಒಂದು ಹನಿ ತಾಗಿಸುವ ಹಾಗಿಲ್ಲ! ಮೊದಲು ಕಿಲೋಗೆ ಹದಿಮೂರು ಹದಿನಾಲ್ಕು ಗ್ರಾಂನಂತೆ ತೂಗಿ ಹಾಕಿದೆ, ಬೇಕೆಂದೇ ಸ್ವಲ್ಪ ಕಮ್ಮಿ. ಆಮೇಲೆ ಬೇಲಿಯಾಚೆಯ ಶೆಟ್ರನ್ನು ಕರೆದೆ. ಅವರು ಎರಡು ತುಂಡು ತಿಂದು, "ಖಾರ ಸರಿ ಉಂಟು, ಉಪ್ಪು ಒಂದು ಚಿಟಿಕೆ ಬೇಕು ಅಕ್ಕ" ಅಂದರು. ಗ್ಯಾರಂಟಿಗೆ ಇನ್ನೆರಡು ತುಂಡು ತಿಂದರು. ಅವರ ನಾಲಗೆ ಬಹಳ ಚುರುಕು. ಈಗ ಇದು ಅವರ ಖಾಯಂ ಹುದ್ದೆ.

ತೊಗಲು ಉಗುರಿಗೆ ತುಸು ಗಟ್ಟಿ ಸಿಗುವಾಗಲೇ ಒಲೆ ಆರಿಸಿದೆ, ಮುಂದೆ ಎರಡು ಸಲ ಕುದಿಯಲಿಕ್ಕಿತ್ತಲ್ಲ. ತಣಿಸುವುದರಲ್ಲಿಯೇ ಎಲ್ಲ ಇರುವುದು. ಬಾಪ್ಪುವಿನ ಅಂಡೆ ಕೆಟ್ಟದ್ದು ನಡುಭಾಗ ಇಡೀ ರಾತ್ರಿ ಬೆಚ್ಚಗೆ ಉಳಿದದ್ದಕ್ಕೆ. ನಾನು ಬಾಡಿಗೆಯ ಸ್ಟೀಲ್ ಟ್ರೇಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಫ್ಯಾನ್ ಕೆಳಗೆ ಇಟ್ಟೆ. ಒಂದು ಗಂಟೆ ಚಿಲ್ಲರೆಯಲ್ಲಿ ಕೈಗೆ ತಣ್ಣಗಾಯಿತು, ಕೂಡಲೇ ಮುಚ್ಚಿ ಫ್ರೀಜರಿಗೆ. ಕೊಬ್ಬು ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಅದನ್ನು ತೆಗೆಯಬಾರದು. ಶನಿವಾರ ಮಧ್ಯಾಹ್ನ ತಂದು ಕರಗಿಸಿ, ಸಂಜೆ ಇಗರ್ಜಿಗೆ ಹೊರಡುವ ಮೊದಲು ಚೆನ್ನಾಗಿ ಕುದಿಸಿ, ಅದೇ ಟ್ರೇಗಳಲ್ಲಿ ತಣಿಸಿ ಮತ್ತೆ ಫ್ರಿಜ್ಜಿಗೆ ಸೇರಿಸಿದೆ. ಭಾನುವಾರ ಹನ್ನೊಂದಕ್ಕೆ ಕೊನೆಯ ಕುದಿ. ಆ ಕೊನೆಯ ಕುದಿಗೆ ಒಂದು ವಸ್ತು ಹಾಕುತ್ತೇನೆ. ಅತ್ತೆ ಇನ್ನೂ ಏನಂತ ಹುಡುಕುತ್ತಿದ್ದಾರೆ, ಹಾಗಾಗಿ ಇಲ್ಲಿ ಬರೆಯುವ ಹಾಗಿಲ್ಲ.

ಇದರ ಮಧ್ಯೆ ಒಂದು ಕಿಲೋ ಬೇರೆ ತೆಗೆದು ವಿನೆಗರ್ ಬದಲು ಬಿಂಬುಳಿ ಹಾಕಿ ನೋಡಿದೆ. ಮರದಲ್ಲಿ ಗೊಂಚಲು ಗೊಂಚಲು ಇತ್ತು. ಬುಧವಾರ ಘಮಘಮ ಅಂತಿತ್ತು, ಭಾನುವಾರ ಹುಳಿಯೆಲ್ಲ ಎಲ್ಲಿ ಹೋಯಿತೋ, ಬರೀ ಮಸಾಲೆ. ಅದೇ ದಿನ ತಿನ್ನುವುದಾದರೆ ಬಿಂಬುಳಿ, ಇಡುವುದಾದರೆ ವಿನೆಗರ್.

ಸಾನ್ನ ಹಂದಿಗಿಂತ ಕಷ್ಟ. 2025ರ ಈಸ್ಟರ್ ಏಪ್ರಿಲ್ 20ಕ್ಕೆ ಬಂದಿತ್ತು, ಸೆಕೆ ಹೇಳುವುದು ಬೇಡ. ಶನಿವಾರ ಸಂಜೆ ಕಡೆದಿಟ್ಟರೆ ಜಾಗರಣೆ ಮುಗಿಸಿ ಬರುವಾಗ ಹಿಟ್ಟು ಪಾತ್ರೆಯಿಂದ ಇಳಿದು ನಡುಕೋಣೆಗೆ ಹೊರಟಿರುತ್ತದೆ. ಹಾಗಾಗಿ ಅಕ್ಕಿ, ಉದ್ದು ನೆನೆಹಾಕಿ ಹೋದೆವು, 7 ಕಿಲೋ ಅಕ್ಕಿ, ಕುಚ್ಚಿಲು ಬೆಳ್ತಿಗೆ ಎರಡೂ ಸೇರಿಸಿ. ಗ್ರೈಂಡರಿಗೆ ಹಾಕಿದ್ದು ಭಾನುವಾರ ಬೆಳಿಗ್ಗೆ ಐದಕ್ಕೆ. ಮೂರ್ತೆಯವರು ಆರೂವರೆಗೆ ಮರದಿಂದ ಇಳಿಸಿದ ಶೇಂದಿ ತಂದರು, ಎರಡೂವರೆ ಲೀಟರ್. ಬಿಸಿಲೇರಿದ ಮೇಲಿನ ಶೇಂದಿ ಬೇಡ, ಹುಳಿಯಾಗಿ ಸಾನ್ನ ಹಳದಿ ತಿರುಗುತ್ತದೆ. ಒಂಬತ್ತೂವರೆಗೆ ಹಿಟ್ಟು ಉಬ್ಬಿತ್ತು. ಎರಡು ತೊಂದೊರ್ (ಆವಿಯಲ್ಲಿ ಬೇಯಿಸುವ ಪಾತ್ರೆ), ಒಂದು ದೊಡ್ಡ ಇಡ್ಲಿ ಪಾತ್ರೆ, ಮೂರೂ ಒಟ್ಟಿಗೆ. ಹನ್ನೆರಡರ ಒಳಗೆ 250ರ ಹತ್ತಿರ ಸಾನ್ನ ಬಾಳೆಎಲೆ ಮೇಲೆ ಸಾಲಾಗಿ ಕೂತಿದ್ದವು. ಯೀಸ್ಟ್ ಹಾಕಿದರೂ ಆಗುತ್ತದೆ ಅನ್ನುವವರೊಂದಿಗೆ ನನಗೆ ವಾದವಿಲ್ಲ, ಊಟಕ್ಕೆ ಕರೆಯುವುದೂ ಇಲ್ಲ.

ಚಿಕನ್ ಸುಕ್ಕಕ್ಕೆ ಕಾಯಿ ಮೊದಲೇ ಹಾಕಿಟ್ಟರೆ ಹಳಸುತ್ತದೆ. ಮಸಾಲೆ ಹುರಿದು ಪುಡಿ ಮಾಡಿದ್ದು ಮಾತ್ರ ಶನಿವಾರ, ಉಳಿದದ್ದೆಲ್ಲ ಭಾನುವಾರ. ಮಾಂಸ ತಿನ್ನದ ಇಬ್ಬರು ಅಳಿಯಂದಿರು ಇದ್ದಾರೆ, ಅವರಿಗೆ ತೊಂಡೆಕಾಯಿ–ಬಿಬ್ಬೊ (ಎಳೆ ಗೇರುಬೀಜ ಹಾಕಿದ ಪಲ್ಯ). ಇದರಲ್ಲಿ ಕ್ಯಾಲೆಂಡರ್ ನೋಡಬೇಕು. 2024ರಲ್ಲಿ ಹಬ್ಬ ಮಾರ್ಚ್ 31ಕ್ಕೆ ಇತ್ತು, ಎಳೆ ಗೇರುಬೀಜ ಬೇಕಾದಷ್ಟು. ಏಪ್ರಿಲ್ 20 ಅಂದರೆ ನಮ್ಮ ಮರದ ಬೀಜ ಬಲಿತು ಮುಗಿದಿತ್ತು. ಒಣಗಿದ ಬೀಜವನ್ನು ರಾತ್ರಿಯಿಡೀ ನೆನೆಸಿ ಹಾಕಿದೆ. ಮುಂಬೈಯವರಿಗೆ ಗೊತ್ತಾಗಲಿಲ್ಲ, ಊರಿನವರಿಗೆ ಗೊತ್ತಾಯಿತು. ಕಡ್ಲೆಬೇಳೆಯ ವೊರ್ನ್ (ಪಾಯಸ) ಬಾಪ್ಪುವಿನ ಸೊಸೆ ಮಾಡಿದಳು, ನಾನು ಆ ಕಡೆ ತಲೆ ಹಾಕಲಿಲ್ಲ.

ಮಕ್ಕಳಿಗೆ ಮಾರ್ಜಿಪಾನ್ ಮೊಟ್ಟೆ ಮನೆಯಲ್ಲೇ ಮಾಡುವ ಹುಚ್ಚೂ ಹಿಡಿದಿತ್ತು. ಅಂಗಡಿಯ ಮೊಟ್ಟೆ ಚಿಕ್ಕದಕ್ಕೂ ನೂರರ ಮೇಲೆ. ಗೇರುಬೀಜ, ಸಕ್ಕರೆ, ಗುಲಾಬಿ ನೀರು, ಎಲ್ಲ ಸರಿ, ಅಚ್ಚಿನಿಂದಲೂ ಎದ್ದಿತು. ಕರಾವಳಿಯ ಏಪ್ರಿಲ್ ಗಾಳಿಗೆ ಎರಡು ದಿನದಲ್ಲಿ ಎಲ್ಲ ಬೆವತು ಅಂಟಂಟು. ಪುಟ್ಟ ಉಂಡೆ ಕಟ್ಟಿ ಬಣ್ಣದ ಕಾಗದ ಸುತ್ತಿ ಕೊಟ್ಟೆವು. ಮಕ್ಕಳು ಆಕಾರ ಕೇಳಲಿಲ್ಲ. ಮುಂದಿನ ಸಲ ಎರಡು ಗಂಟೆ ಫ್ಯಾನ್ ಕೆಳಗೆ ಒಣಗಿಸಿ ನೋಡಬೇಕು ಅಂತಿದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹಂದಿ 380ರಂತೆ ಸುಮಾರು 6,800. ಕೋಳಿ ಭಾವನ ಅಂಗಡಿಯದ್ದೇ, 14 ಕಿಲೋಗೆ ಮೂರು ಸಾವಿರ ತೆಗೆದುಕೊಂಡರು. ತೆಂಗಿನಕಾಯಿ ಆ ವರ್ಷ ಚಿನ್ನ. ಮನೆಯ ತೋಟದ್ದಾದರೂ ಪೇಟೆಯ ದರದಲ್ಲೇ ಹಿಡಿದೆ, ಎರಡು ಸಾವಿರದ ಹತ್ತಿರ. ಅಕ್ಕಿ, ಬೇಳೆ, ಬೆಲ್ಲ, ಈರುಳ್ಳಿ, ಗೇರುಬೀಜ ಸೇರಿ ಮೂರೂವರೆ. ಶಾಮಿಯಾನ, ಟ್ರೇ, ಗ್ಯಾಸ್, ಪಾತ್ರೆ ತೊಳೆದ ಇಬ್ಬರ ಸಂಬಳ, ಶೇಂದಿ, ಎಲ್ಲ ಸೇರಿ ಐದು. ಒಟ್ಟು 20 ಸಾವಿರದ ಮೇಲೆ ಸ್ವಲ್ಪ. ದುಡಿಯುವವರಿಂದ ತಲೆಗೆ 700 ತೆಗೆದುಕೊಂಡಿದ್ದೆ, ಅದೂ ಗರಿಗಳ ಭಾನುವಾರದ (ಈಸ್ಟರಿನ ಹಿಂದಿನ ಭಾನುವಾರ) ಒಳಗೆ. ಊಟವಾದ ಮೇಲೆ ಕೇಳಿದರೆ ನಮ್ಮವರಿಂದ ದುಡ್ಡು ಹೊರಡುವುದಿಲ್ಲ. ಉಳಿದ ಚಿಲ್ಲರೆಗೆ ಇನ್ನೊಂದು ತೊಂದೊರ್ ಕೊಂಡೆ. ಮನೆಯ ಗಂಡಸರು ವೈನಿಗೆ ಮಾಡಿದ ಖರ್ಚನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಅವರೂ ಹೇಳಿಲ್ಲ.

ಬಫಾತ್ ಎರಡು ಕಿಲೋದಷ್ಟು ಉಳಿಯಿತು, ಸೋಮವಾರ ಪೋಳೆ (ದೋಸೆ) ಜೊತೆ ಖಾಲಿ. ಬಾಪ್ಪು ಆ ದಿನವೇ ಮೊಮ್ಮಗನ ಪ್ರಥಮ ಪರಮಪ್ರಸಾದದ ಊಟಕ್ಕೆ ಹಂದಿ ನನ್ನ ಮೇಲೆಯೇ ಅಂದರು, 100 ಜನ. ಹಂದಿ ಮಾಡುತ್ತೇನೆ, ಬುಧವಾರದ ಲೆಕ್ಕದಲ್ಲೇ. ಸಾನ್ನ ನಿಮ್ಮ ಮನೆಯವರದ್ದು ಅಂತ ಹೇಳಿದ್ದೇನೆ.