ಶೆಡ್ಡು, ಪಂಜರ, ಮರಿಪೆಟ್ಟಿಗೆ: ಬ್ರಹ್ಮಾವರದಲ್ಲಿ ನನ್ನ ಮೊಲ ಸಾಕಣೆ

ನಮ್ಮ ಮನೆಯಲ್ಲಿ ಎಲ್ಲದಕ್ಕೂ ‘ಮೊಲದ ಗೂಡು’ ಎಂಬ ಒಂದೇ ಹೆಸರು. ಆದರೆ ನೋಡಲು ಬಂದವರು ಗೂಡಿಗೆ ಎಷ್ಟು ಖರ್ಚಾಯಿತು ಎಂದರೆ, ಯಾವ ಗೂಡಿಗೆ ಎಂದು ನಾನೇ ತಿರುಗಿ ಕೇಳಬೇಕಾಗುತ್ತದೆ. ಹೊರಗಿನದು ಶೆಡ್ಡು, ಒಳಗಿನದು ಪಂಜರ, ಪಂಜರದೊಳಗೆ ಇಡುವುದು ಮರಿಪೆಟ್ಟಿಗೆ.

ಶೆಡ್ಡು ಅಂದರೆ ನಮ್ಮ ಹಳೇ ಹಟ್ಟಿಯೇ. ದನಗಳು ಹೋದ ಮೇಲೆ ಖಾಲಿ ಬಿದ್ದಿತ್ತು. ಮುರಕಲ್ಲಿನ ಗೋಡೆಯನ್ನು ಸೊಂಟದೆತ್ತರಕ್ಕೆ ಉಳಿಸಿ, ಮೇಲೆ ಬಲೆ ಹೊಡೆಸಿದೆ. ಮಾಡಿನ ಮಂಗಳೂರು ಹಂಚನ್ನು ಮಾತ್ರ ತೆಗೆಯಲಿಲ್ಲ. ತಗಡು ಹಾಕು, ಬಾಳಿಕೆ ಬರುತ್ತದೆ ಎಂದವರಿದ್ದರು. ಮೊಲ ಬೆವರುವ ಪ್ರಾಣಿಯಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಯಿಂದಲೇ ಬಿಡಬೇಕು. ನಮ್ಮ ಮೇ ತಿಂಗಳ ಸೆಕೆಗೆ ತಗಡಿನ ಕಾವೂ ಸೇರಿದರೆ ಮುಗಿಯಿತು. ಹೆಚ್ಚು ಸೆಕೆಯಲ್ಲಿ ಗಂಡಿನ ಫಲವತ್ತತೆ ಕೆಲವು ವಾರ ಕುಸಿಯುತ್ತದೆ. ಮೇಯಲ್ಲಿ ನಾನು ಜೋಡಿ ಮಾಡಿಸುವುದೇ ಇಲ್ಲ.

ಮಳೆಗಾಲದಲ್ಲಿ ಪಡುಬದಿಗೆ ಮಾತ್ರ ಸೋಗೆಯ ತಟ್ಟಿ. ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟರೆ ಮೂತ್ರದ ಅಮೋನಿಯಾ ಒಳಗೇ ನಿಂತು ಮೊಲಗಳಿಗೆ ಶೀತ, ಸೀನು ಶುರು. ಹಿಕ್ಕೆ ನೇರವಾಗಿ ಮಲ್ಲಿಗೆ ಬುಡಕ್ಕೆ ಹೋಗುತ್ತದೆ. ಮೊಲಕ್ಕಿಂತ ಅದನ್ನೇ ಹೆಚ್ಚು ಜನ ಕೇಳಿಕೊಂಡು ಬರುತ್ತಾರೆ!

ಪಂಜರದ ತಳಕ್ಕೆ ಅರ್ಧ ಇಂಚು ಕಣ್ಣಿನ ದಪ್ಪ ಮೆಶ್ ಇರಲಿ, ಒಂದು ಮೂಲೆಯಲ್ಲಿ ಹಲಗೆಯ ತುಂಡೂ ಇರಲಿ. ಬರೀ ತಂತಿಯ ಮೇಲೆ ಕೂತು ಕೂತು ಹಿಂಗಾಲು ಹುಣ್ಣಾಗುತ್ತದೆ. ಪಂಜರದ ಕಾಲುಗಳಡಿ ನೀರಿನ ಬಟ್ಟಲು ಕಡ್ಡಾಯ, ಇರುವೆ ಮರಿಗಳನ್ನು ಉಳಿಸುವುದಿಲ್ಲ. ಜೋಡಿ ಮಾಡಿಸಲು ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ಯಬೇಕು. ತನ್ನ ಜಾಗಕ್ಕೆ ಬಂದ ಗಂಡನ್ನು ಅದು ಕಚ್ಚಿ ಓಡಿಸುತ್ತದೆ.

ನನ್ನ ಗಮನ ಹೆಚ್ಚು ಮರಿಪೆಟ್ಟಿಗೆಯ ಮೇಲೆ. ಗರ್ಭದ ಅವಧಿ 30–32 ದಿನ. 28ನೇ ದಿನ ಒಣ ಬೈಹುಲ್ಲು ತುಂಬಿ ಪೆಟ್ಟಿಗೆ ಇಡುತ್ತೇನೆ. ತಾಯಿ ತನ್ನ ಹೊಟ್ಟೆಯ ಕೂದಲನ್ನೇ ಕಿತ್ತು ಹಾಸುತ್ತದೆ. ಸಾಕುಮೊಲದ ಮೂಲ ಸ್ಪೇನ್ ಕಡೆಯ ಕಾಡುಮೊಲ. ಅದು ಬಿಲದಲ್ಲಿ ಹೆರುವ ಜಾತಿ, ಮರಿಗೆ ಹುಟ್ಟುವಾಗ ಕೂದಲೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಪೆಟ್ಟಿಗೆಯೇ ಆ ಬಿಲ. ನಮ್ಮ ಗುಡ್ಡೆಯ ಮೊಲದ ಕುಲವೇ ಬೇರೆ. ಬಿಲ ತೋಡುವುದಿಲ್ಲ, ಮರಿ ಕಣ್ಣು ತೆರೆದೇ ಹುಟ್ಟುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ‘ಒಂದು ಸಿಕ್ಕಿದೆ, ಬೇಕಾ’ ಎಂದು ಫೋನು ಮಾಡುವವರಿಗೆ ಇದೇ ಉತ್ತರ.

ತಾಯಿ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಹೊಸಬರು ಮರಿ ಬಿಟ್ಟುಹಾಕಿದೆ ಎಂದು ಗಾಬರಿಯಾಗುತ್ತಾರೆ. ಮರಿಯ ಹೊಟ್ಟೆ ಉಬ್ಬಿದ್ದರೆ ಹಾಲು ಸಿಕ್ಕಿದೆ ಎಂದೇ ಅರ್ಥ. 10–12 ದಿನಕ್ಕೆ ಕಣ್ಣು ಬಿಡುತ್ತವೆ. ಮೂರು ವಾರದ ಹೊತ್ತಿಗೆ ಪೆಟ್ಟಿಗೆ ತೆಗೆದು, ತೊಳೆದು ಒಣಗಿಸುತ್ತೇನೆ. ಜುಲೈಯಲ್ಲಿ ಬಿಸಿಲೆಲ್ಲಿ? ಆಗ ಬ್ಲೋ ಲ್ಯಾಂಪಿನ ಉರಿಯನ್ನೇ ಮೂಲೆಮೂಲೆಗೂ ಹಾಯಿಸುತ್ತೇನೆ. ಮರಿಗಳಿಗೆ ಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿಗೆ ಬೆಂಕಿಯೇ ಆಗಬೇಕು, ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ.